ಟೈಲರ್ ಕೊಟ್ಟ ತಪ್ಪೊಪ್ಪಿಗೆ

ಎದುರುಮನೆಯ ನಿವೃತ್ತ ಹೆಡ್‌ಮಾಸ್ತರರ ಬೈಕಿನ ಅಲಾರಂ ಬೆಕ್ಕು ಹತ್ತಿದರೂ ಕೂಗುತ್ತಿತ್ತು, ಎಲೆ ಬಿದ್ದರೂ ಕೂಗುತ್ತಿತ್ತು. ಭಾನುವಾರ ಮಧ್ಯಾಹ್ನ ಅದು ನಾಲ್ಕನೇ ಸಲ ಅರಚಿದಾಗ ಟೈಲರ್ ಎದ್ದು ಹೋಗಿ, ಬಟ್ಟೆ ಕತ್ತರಿಸುವ ಕತ್ತರಿಯಿಂದಲೇ ವೈರ್ ತುಂಡರಿಸಿ ಬಂದು ಮಲಗಿದ. ಮದುವೆಯಾದ ಮೇಲೆ ಅವನಿಗೆ ಅಷ್ಟು ಒಳ್ಳೆಯ ನಿದ್ದೆ ಬಂದಿರಲಿಲ್ಲ.

ಸೋಮವಾರ ಬೆಳಿಗ್ಗೆ ಪೊಲೀಸರು ಹಿಡಿದೊಯ್ದದ್ದು ಅವನ ಹೆಂಡತಿಯ ತಮ್ಮನನ್ನು. ಭಾವಮೈದ ಎಲೆಕ್ಟ್ರಿಷಿಯನ್, ವೈರ್ ಕತ್ತರಿಸುವ ಇಕ್ಕಳ ಅವನ ಚೀಲದಲ್ಲೇ ಇತ್ತು. ಹೆಡ್‌ಮಾಸ್ತರರು ದೂರಿನಲ್ಲಿ ‘ಬೈಕ್ ಕದಿಯುವ ಸಂಚು’ ಎಂದು ಬರೆದಿದ್ದರು.

ಹೆಂಡತಿ ಕತ್ತರಿಯ ಅಲಗಿನಲ್ಲಿ ಹೊಸದಾಗಿ ಬಿದ್ದಿದ್ದ ಕಚ್ಚು ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು.

“ಹೋಗಿ ಒಪ್ಕೊಳ್ಳಿ. ನನ್ನ ತಮ್ಮ ಈಚೆ ಬರೋತನಕ ನಿಮಗೆ ಈ ಮನೆ ಬಾಗಿಲು ತೆಗೆಯಲ್ಲ.”

ಅತ್ತೆ ಅಷ್ಟು ಒರಟಲ್ಲ. “ಹೋಗ್ಬನ್ನಿ ಅಳಿಯಂದ್ರೇ, ನಿಮ್ಮ ಹೊಲಿಗೆ ಮಿಷನ್ನಿಗೆ ಮೋಟಾರ್ ಹಾಕಿಸಿಕೊಡ್ತೀನಿ,” ಎಂದರು.

ಠಾಣೆಯಲ್ಲಿ ಟೈಲರ್ ತಪ್ಪು ಒಪ್ಪಿಕೊಂಡ ಕೂಡಲೇ ಇನ್ಸ್‌ಪೆಕ್ಟರ್ ಗಾಬರಿಯಾದರು. ಬಲವಂತದ ತಪ್ಪೊಪ್ಪಿಗೆ ಪಡೆದದ್ದಕ್ಕೆ ಕೋರ್ಟು ಹೋದ ತಿಂಗಳಷ್ಟೇ ಅವರಿಗೆ ಛೀಮಾರಿ ಹಾಕಿತ್ತು. ಅಂದಿನಿಂದ ಅವರ ಮೇಜಿನ ಮೇಲೆ ಹನ್ನೊಂದು ಪ್ರಶ್ನೆಗಳ ಒಂದು ಫಾರಂ ಇರುತ್ತಿತ್ತು. ಟೈಲರನಿಗೆ ಕುರ್ಚಿ ಹಾಕಿಸಿ, ಫ್ಯಾನ್ ಅವನತ್ತ ತಿರುಗಿಸಿ, ಬೀಗರನ್ನು ಉಪಚರಿಸುವಂತೆ ಉಪಚರಿಸಿ ಫಾರಂ ಬಿಡಿಸಿದರು.

“ಯಾರಾದ್ರೂ ಹೆದರಿಸಿದ್ರಾ?”

“ಹೆದರಿಸೋದು ಅಂದ್ರೆ... ಮನೇಲಿ ದಿನಾ ಇದ್ದಿದ್ದೇ ಸಾರ್.”

“ದಿನದ್ದು ಬೇಡ, ಇವತ್ತಿನದ್ದು ಹೇಳಿ.”

ಟೈಲರ್ ಬಾಗಿಲಿನ ವಿಷಯ ಹೇಳಿದ.

“ಏನಾದ್ರೂ ಕೊಡ್ತೀವಿ ಅಂದ್ರಾ?”

“ಮೋಟಾರ್ ಮಾತ್ರ ಸಾರ್. ಸ್ಟ್ಯಾಂಡು ನಮ್ದೇ ಇದೆ.”

ಇನ್ಸ್‌ಪೆಕ್ಟರ್ ಪೆನ್ ಕೆಳಗಿಟ್ಟರು. “ಬೆದರಿಕೆ, ಆಮಿಷ, ಎರಡೂ ಇದೆ. ಇದು ಕೋರ್ಟಲ್ಲಿ ನಿಲ್ಲಲ್ಲ. ಮನೆಗೆ ಹೋಗಿ.”

“ಕತ್ತರಿಸಿದ್ದು ನಾನೇ ಸಾರ್! ಕತ್ತರಿ ತಂದಿದ್ದೀನಿ, ನೋಡಿ!”

“ಭಾವಾ, ಇನ್ನೊಂಚೂರು ಜೋರಾಗಿ ಹೇಳಿ!” ಲಾಕಪ್ಪಿನೊಳಗಿಂದ ಭಾವಮೈದ ಕೂಗಿದ.

“ಅಲ್ಲಿಂದ್ಲೂ ಒತ್ತಡ,” ಎಂದು ಇನ್ಸ್‌ಪೆಕ್ಟರ್ ಅದನ್ನೂ ಬರೆದುಕೊಂಡರು.

ಅಷ್ಟರಲ್ಲಿ ತಮ್ಮ ಕೇಸು ಎಲ್ಲಿಗೆ ಬಂತೆಂದು ವಿಚಾರಿಸಲು ಹೆಡ್‌ಮಾಸ್ತರರೇ ಬಂದರು. ವಿಷಯ ಕೇಳಿ ನಕ್ಕುಬಿಟ್ಟರು.

“ಇವನಾ? ಆ ವೈರು ಸ್ಕೇಲ್ ಇಟ್ಟು ಕತ್ತರಿಸಿದ ಹಾಗಿದೆಯಪ್ಪಾ. ಇವನು ಹೊಲಿದ ಪ್ಯಾಂಟು ನೋಡು!”

ಅವರು ನೆಟ್ಟಗೆ ನಿಂತು ತೋರಿಸಿದರು. ಒಂದು ಕಾಲು ಚಪ್ಪಲಿಯನ್ನು ಮುಚ್ಚಿತ್ತು, ಇನ್ನೊಂದು ಕಾಲು ಮೀನಖಂಡದವರೆಗೆ ಏರಿತ್ತು. ಇನ್ಸ್‌ಪೆಕ್ಟರಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಅವರು ಟೈಲರನ ಹೇಳಿಕೆಯೆಂದು ಹೊಸ ಹಾಳೆ ಬರೆಸಿದರು: ಹೆಂಡತಿಯ ಬೆದರಿಕೆಗೂ ಅತ್ತೆಯ ಆಮಿಷಕ್ಕೂ ಒಳಗಾಗಿ ಸುಳ್ಳು ತಪ್ಪೊಪ್ಪಿಗೆ ಕೊಡಲು ಬಂದಿದ್ದೆ. ಟೈಲರ್ ಅದನ್ನು ಓದಿ ಹಾಳೆಯನ್ನು ಹಿಂದಕ್ಕೆ ತಳ್ಳಿದ.

“ಇದಕ್ಕೆ ಸಹಿ ಹಾಕಲ್ಲ ಸಾರ್.”

ಕಾನ್‌ಸ್ಟೇಬಲ್ ಬಾಗಿಲಿಗೆ ಅಡ್ಡ ನಿಂತ. “ಹಾಕದೆ ಹೋಗೋ ಹಾಗಿಲ್ಲ ಯಜಮಾನ್ರೇ.”

ಟೈಲರ್ ಸಹಿ ಹಾಕಿದ. ಸಹಿಯ ಮೇಲಿನ ಸಾಲು ಹೀಗಿತ್ತು: ‘ಇದನ್ನು ಯಾರ ಒತ್ತಡವೂ ಇಲ್ಲದೆ, ಸ್ವಂತ ಇಚ್ಛೆಯಿಂದ ಬರೆದುಕೊಟ್ಟಿದ್ದೇನೆ.’

“ಇನ್ನೇನಿಲ್ಲ,” ಎಂದು ಇನ್ಸ್‌ಪೆಕ್ಟರ್ ಎರಡು ನೋಟಿಸು ಕೊಟ್ಟರು. “ನಾಳೆ ಹತ್ತು ಗಂಟೆಗೆ ನಿಮ್ಮ ಹೆಂಡತಿ, ಅತ್ತೆ ಇಬ್ಬರೂ ವಿಚಾರಣೆಗೆ ಬರಬೇಕು. ಇವನ್ನ ನೀವೇ ಕೈಯಾರೆ ಕೊಟ್ಬಿಡಿ.”

ಟೈಲರ್ ನೋಟಿಸು ಹಿಡಿದು ಕಿಟಕಿಯ ಹೊರಗೆ ನೋಡಿದ. ಲಾಕಪ್ಪಿನಲ್ಲಿದ್ದವನಿಗೆ ಊಟದ ಡಬ್ಬಿ ಹಿಡಿದು ಹೆಂಡತಿ ಮುಂದೆ, ಅತ್ತೆ ಹಿಂದೆ, ಗೇಟು ದಾಟಿ ಬರುತ್ತಿದ್ದರು. ಅವನು ಓಡಿಹೋಗಿ ಲಾಕಪ್ಪಿನ ಸರಳು ಹಿಡಿದುಕೊಂಡ.

“ಸಾರ್, ನನ್ನನ್ನೂ ಒಳಗೆ ಹಾಕಿ!”

ಇನ್ಸ್‌ಪೆಕ್ಟರ್ ನಿಟ್ಟುಸಿರು ಬಿಟ್ಟು ಮತ್ತೆ ಫಾರಂ ಎಳೆದುಕೊಂಡರು. “ಮೊದಲನೇ ಪ್ರಶ್ನೆ. ಯಾರಾದ್ರೂ ಹೆದರಿಸಿದ್ರಾ?”

“ಇನ್ನೂ ಇಲ್ಲ ಸಾರ್. ಬೇಗ ಬರ್ಕೊಳ್ಳಿ!”