ಸಲಿಕೆ ಹಿಡಿದ ದೇವರಿಗೆ ಮಂಗಳಾರತಿ

ಕಣ್ಣಿಗೆ ಕಾಣದ ಸರಕನ್ನು ಮಾರಿ ಹೊಟ್ಟೆ ಹೊರೆಯುವವರು ಲೋಕದಲ್ಲಿ ಮೊದಲಿನಿಂದಲೂ ಇದ್ದಾರೆ. ಜ್ಯೋತಿಷಿಗಳಿದ್ದಾರೆ, ವಿಮೆ ಏಜೆಂಟರಿದ್ದಾರೆ, ಸ್ವರ್ಗದಲ್ಲಿ ಸೀಟು ಕಾದಿರಿಸಿ ಕೊಡುವ ಸ್ವಾಮಿಗಳಿದ್ದಾರೆ. ಆ ಸಾಲಿನ ಕೊನೆಯಲ್ಲಿ, ಚಪ್ಪಲಿ ಬಿಡುವ ಜಾಗದ ಹತ್ತಿರ, ನನ್ನನ್ನೂ ಕೂರಿಸಬಹುದು. ನಾನು ಪುಣೆಯ ಕಾತ್ರಜದಲ್ಲಿ, ಒಂದು ಟೈರ್ ಅಂಗಡಿಯ ಮಹಡಿಯ ಮೇಲೆ, ಎರಡು ಕೋಣೆಗಳ ಸಾಫ್ಟ್‌ವೇರ್ ಕಂಪನಿ ನಡೆಸುತ್ತೇನೆ. ಸಣ್ಣ ವ್ಯಾಪಾರಿಗಳ ವೆಬ್‌ಸೈಟುಗಳಿಗೆ ಜಾಗ ಬಾಡಿಗೆಗೆ ಕೊಡುವುದು, ಆ ವೆಬ್‌ಸೈಟನ್ನು ಅವರೇ ನೋಡಿಕೊಳ್ಳುವಂಥ ಸಾಫ್ಟ್‌ವೇರ್ ಮಾಡಿ ಮಾರುವುದು ನಮ್ಮ ಕಸುಬು. ಜಾಗ ಅಂದೆ. ಆ ಜಾಗವಿರುವ ಯಂತ್ರ ಮುಂಬೈಯ ಯಾವುದೋ ತಣ್ಣನೆಯ ಕಟ್ಟಡದಲ್ಲಿದೆಯಂತೆ. ಅದನ್ನು ನಾನೂ ಬಾಡಿಗೆಗೇ ಹಿಡಿದಿದ್ದೇನೆ, ಮುಖ ನೋಡಿದವನಲ್ಲ. ಹೀಗೆ, ನೋಡದ ಮನೆಯನ್ನು ಇನ್ನೊಬ್ಬರಿಂದ ಹಿಡಿದು ಮತ್ತೊಬ್ಬರಿಗೆ ಒಳಬಾಡಿಗೆಗೆ ಕೊಡುವ ಕೆಲಸವನ್ನು ಪೇಟೆಯಲ್ಲಿ ಮಾಡಿದರೆ ಪೊಲೀಸರು ಬರುತ್ತಾರೆ, ಇಂಟರ್‌ನೆಟ್ಟಿನಲ್ಲಿ ಮಾಡಿದರೆ ಉದ್ಯಮಿ ಅನ್ನುತ್ತಾರೆ.

ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲ ಪ್ರಾಣಿ ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹೊಟ್ಟೆ ತುಂಬಿದವರು ವಿನಯದಿಂದ ಇರಲಿ, ನಾನು ಎರಡು ಸಲ ಫೇಲಾಗಿ, ಮೂರನೆಯ ಸಲ ದಾಟಿದವನು. ಬಿ.ಎಸ್ಸಿ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಅವ್ವ ದೇವರ ಜಗಲಿಯ ಪಕ್ಕದಲ್ಲೇ ತೂಗುಹಾಕಿದ್ದಾಳೆ. ಯಲ್ಲಮ್ಮನಿಗೆ ಬೆಳಗಿದ ಊದುಬತ್ತಿಯನ್ನು ಅತ್ತ ಕಡೆಗೂ ಒಂದು ಸುತ್ತು ತಿರುಗಿಸುತ್ತಾಳೆ. ಅಪ್ಪ ವಿಜಯಪುರದ ಕಡೆಯಿಂದ ಬಂದು ಭೋಸರಿಯ ಎರಕದ ಕಾರ್ಖಾನೆಯಲ್ಲಿ ಉಸುಕು ತೋಡುತ್ತ ನನ್ನ ಫೀ ಕಟ್ಟಿದವರು. ಮೈಯೆಲ್ಲ ಕಪ್ಪಾಗಿ ಮನೆಗೆ ಬರುತ್ತಿದ್ದ ಮನುಷ್ಯನಿಗೆ, ಮೈಗೆ ಒಂದು ಚೂರೂ ಹತ್ತದ ನನ್ನ ಕೆಲಸದ ಮೇಲೆ ಮೊದಲಿನಿಂದಲೂ ಗುಮಾನಿ. ನೆರೆಯವರು ಮಗ ಏನು ಮಾಡುತ್ತಾನೆ ಎಂದು ಕೇಳಿದರೆ ಏನು ಹೇಳಬೇಕೋ ತಿಳಿಯದೆ ಬೀಡಿ ಹಚ್ಚುತ್ತಿದ್ದರು. ಪಕ್ಕದ ಮನೆಯ ಹುಡುಗನನ್ನಾದರೆ ಹಿಂಜವಾಡಿಯ ಐಟಿ ಕಂಪನಿಯ ಕ್ಯಾಬು ಬಾಗಿಲಿಗೇ ಬಂದು ಕರೆದೊಯ್ಯುತ್ತದೆ. ಕ್ಯಾಬು ಬಂದರೆ ಅದು ನೌಕರಿ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ನಾನು ಹಳೆ ಸ್ಕೂಟರು ಒದ್ದು ಹೊರಡುವವನು.

“ಜಾಗಾ ಬಾಡಿಗಿ ಕೊಡ್ತೀನಿ ಅಂತಿ,” ಎನ್ನುತ್ತಿದ್ದರು ಅಪ್ಪ. “ಆ ಜಾಗಾ ಎಲ್ಲದ? ಒಮ್ಮೆರೆ ಕರಕೊಂಡು ಹೋಗಿ ತೋರ್ಸು. ಗೋಡಿ ಮುಟ್ಟಿ ನೋಡ್ತೀನಿ.”

ಅಪ್ಪನಿಗೆ ಒಮ್ಮೆ ತೋರಿಸಬೇಕು ಎಂಬ ಆಸೆ ನನ್ನೊಳಗೆ ಹಲ್ಲುನೋವಿನಂತೆ ಇತ್ತು. ಅದಕ್ಕೆ ಸರಿಯಾಗಿ ಸದಾನಂದ ಶೆಟ್ಟರು ಗಿರಾಕಿಯಾಗಿ ಸಿಕ್ಕರು. ಶೆಟ್ಟರದು ಹೆದ್ದಾರಿಯ ಪಕ್ಕದಲ್ಲಿ ಹೋಟೆಲು, ಮೇಲೆ ಸಮಾರಂಭಗಳಿಗೆ ಬಾಡಿಗೆ ಕೊಡುವ ಹಾಲ್. ಸಾತಾರೆಯ ಕಡೆಗೆ ಹೋಗುವ ಬಸ್ಸಿನವರೆಲ್ಲ ಅವರ ಇಡ್ಲಿ ತಿಂದೇ ಘಟ್ಟ ಹತ್ತುವುದು. ಅವರಿಗೊಂದು ವೆಬ್‌ಸೈಟು ಬೇಕಾಗಿತ್ತು. ಅದು ಚೆನ್ನಾಗಿ ಆದರೆ ತಮ್ಮ ಬಳಗದ ಹೋಟೆಲಿನವರನ್ನೆಲ್ಲ ನನ್ನ ಕಡೆಗೇ ಕಳಿಸುವುದಾಗಿ ಹೇಳಿದ್ದರು. ಉದ್ಘಾಟನೆ ಅವರ ಹಾಲಿನಲ್ಲೇ, ದೊಡ್ಡ ಟೀವಿಯ ಮೇಲೆ, ನೆಂಟರಿಷ್ಟರ ಎದುರಿಗೆ. ಅಪ್ಪನನ್ನು ಕರೆತರಲು ಇದಕ್ಕಿಂತ ಒಳ್ಳೆಯ ಸಂದರ್ಭ ಇನ್ನೆಲ್ಲಿ?

ತೊಂದರೆ ಒಂದೇ, ಶೆಟ್ಟರು ಮುಹೂರ್ತ ಇಡಿಸಿದ್ದರು. ಇಡಿಸಲಿ ಬಿಡಿ, ನಮ್ಮ ಗಿರಾಕಿಗಳಲ್ಲಿ ಮುಹೂರ್ತ ಇಡಿಸದವರು ಕಡಿಮೆ. ಆದರೆ ಶೆಟ್ಟರ ಹಟ ಬೇರೆ. ಮುಹೂರ್ತಕ್ಕೆ ಮೊದಲು ಆ ವೆಬ್‌ಸೈಟನ್ನು ಭೂಮಿಯ ಮೇಲೆ ಒಬ್ಬರೂ ನೋಡಿರಬಾರದು. ನಾನು ಹಿಂದಿನ ದಿನವೇ ಎಲ್ಲ ಸಿದ್ಧ ಮಾಡಿ ತೆರೆದಿಡುತ್ತೇನೆ, ನೀವು ಸುಮ್ಮನೆ ಗುಂಡಿ ಒತ್ತಿದಂತೆ ಮಾಡಿ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ.

“ಹಾಗಲ್ಲ ಇಂಜಿನಿಯರ್ರೇ,” ಎಂದರು. ನಾನು ಇಂಜಿನಿಯರಲ್ಲ, ಬಿ.ಎಸ್ಸಿ., ಆದರೂ ತಿದ್ದಲಿಲ್ಲ. “ಗೃಹಪ್ರವೇಶಕ್ಕೆ ಮುಂಚೆ ಯಾರಾದ್ರೂ ಒಳಗೆ ಹೋಗಿ ಮಲಗ್ತಾರಾ ಮಾರಾಯ್ರೆ? ಅದು ಅಪಶಕುನ ಅಲ್ವಾ?” ನೆಂಟರಿಗೆಲ್ಲ ಫೋನು ಮಾಡಿ, ವೆಬ್‌ಸೈಟಿನ ಹೆಸರು ಹೇಳಿ, ಆದರೆ ಮುಹೂರ್ತದವರೆಗೆ ಯಾರೂ ಇಣುಕಬಾರದು ಎಂದು ಕಟ್ಟಪ್ಪಣೆ ಮಾಡಿದರು. ಇಣುಕಬೇಡ ಎಂದು ಹೇಳಿದ ಮೇಲೆ ಇಣುಕದವನು ಮನುಷ್ಯನೇ ಅಲ್ಲ. ಅದಕ್ಕಾಗಿ ನಾನು ಆ ಹೆಸರಿನಲ್ಲಿ, ಬೇರೊಂದು ಯಂತ್ರದ ಮೇಲೆ, ಒಂದು ತಾತ್ಕಾಲಿಕ ಪುಟ ಹಾಕಿಟ್ಟೆ. ಪುಣೆಯ ಅಗೆದ ರಸ್ತೆಗಳಲ್ಲೆಲ್ಲ ಕಾಣುವ ಬೋರ್ಡಿನಂತೆ “ಕಾಮ್ ಚಾಲೂ ಆಹೇ” ಎಂದು ಮರಾಠಿಯಲ್ಲಿ, “ಕೆಲಸ ನಡೆದಿದೆ” ಎಂದು ಕನ್ನಡದಲ್ಲಿ, ಮೇಲೆ ಹಳದಿ ಟೋಪಿ ಹಾಕಿಕೊಂಡು ಸಲಿಕೆ ಹಿಡಿದು ನೆಲ ತೋಡುವ ಒಬ್ಬ ಕೂಲಿಯವನ ಚಿತ್ರ, ಕೆಳಗೆ ನಮ್ಮ ಕಂಪನಿಯ ಹೆಸರು. ಚಿತ್ರ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕಿದ್ದು. ಕೂಲಿಯವನಿಗೆ ಕೆಂಪು ಕೆನ್ನೆ, ಬೆಕ್ಕಿನ ಕಣ್ಣು, ಜೋಳದ ಕೂದಲಿನಂಥ ಮೀಸೆ.

ನನ್ನ ಹೆಂಡತಿ ಗೀತಾ ಸೋಲಾಪುರದವಳು. ಕಂಪನಿಯಲ್ಲಿ ಗಿರಾಕಿಗಳ ದೂರು ಕೇಳುವ ಕೆಲಸ ಅವಳದು, ಆದ್ದರಿಂದ ಮನುಷ್ಯರ ಬಗ್ಗೆ ಅವಳಿಗೆ ಭ್ರಮೆಗಳಿಲ್ಲ. “ಆಗಂಗಿಲ್ಲ ಅಂತ ಕಡ್ಡಿ ಮುರಿದಂಗ ಹೇಳ್ರಿ,” ಅಂದಳು. ಅವಳ ಮಾತು ಸರಿ. ಯಾಕೆಂದರೆ, ವೆಬ್‌ಸೈಟಿನ ಹೆಸರು ಒತ್ತಿದಾಗ ಅದು ಯಾವ ಯಂತ್ರದಲ್ಲಿದೆ ಎಂಬ ವಿಳಾಸವನ್ನು ನಮ್ಮ ಫೋನು ಇನ್ಯಾರನ್ನೋ ಕೇಳಿ ತಿಳಿದುಕೊಳ್ಳುತ್ತದೆ. ಮತ್ತೆ ಮತ್ತೆ ಕೇಳುವ ಬೇಸರಕ್ಕೆ ಅದನ್ನು ನೆನಪಿಟ್ಟುಕೊಳ್ಳುತ್ತದೆ. ನಾವು ಮನೆ ಬದಲಿಸಿದರೂ ಆ ನೆನಪು ಅಳಿಯುವವರೆಗೆ ಹಳೆಯ ಮನೆಗೇ ಹೋಗಿ ಬಾಗಿಲು ಬಡಿಯುತ್ತದೆ. ಬೇಗ ಮರೆತುಬಿಡು ಎಂದು ಅದಕ್ಕೆ ಮೊದಲೇ ಹೇಳಿಡಬಹುದು, ನಾನೂ ಹೇಳಿಟ್ಟಿದ್ದೆ. ಆದರೆ ಕೆಲವು ಯಂತ್ರಗಳು ನಮ್ಮ ಸೋದರತ್ತೆಯ ಹಾಗೆ. ಅತ್ತೆ ನನ್ನ ಮದುವೆಯಲ್ಲಿ ತನಗೆ ಸೀರೆ ತಡವಾಗಿ ಕೊಟ್ಟದ್ದನ್ನು ಮರೆತುಬಿಡು ಎಂದು ಎಷ್ಟು ಮಂದಿ ಹೇಳಿದರೂ ಮರೆತಿಲ್ಲ. ಹೊಸ ವಿಳಾಸ ಎಲ್ಲರಿಗೂ ತಲುಪಲು ಒಂದು ಹಗಲಾದರೂ ಬೇಕು. ಅದು ಪಂಚಾಂಗ ನೋಡಿ ನಡೆಯುವುದಿಲ್ಲ. ಇದೆಲ್ಲ ಗೊತ್ತಿದ್ದೂ ನಾನು ಶೆಟ್ಟರಿಗೆ ಹೂಂ ಅಂದೆ. ಬಳಗದ ಹೋಟೆಲುಗಳೆಲ್ಲ ಕಣ್ಣ ಮುಂದೆ ಸಾಲಾಗಿ ನಿಂತಿದ್ದವು.

ಆ ದಿನ ಹಾಲ್ ಜನರಿಂದ ತುಂಬಿತ್ತು. ಟೀವಿಗೆ ಅರಿಸಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ಜರಿಯ ಪರದೆ ಇಳಿಬಿಟ್ಟಿದ್ದರು. ಟೀವಿಗೆ ಜೋಡಿಸಿದ್ದ ಶೆಟ್ಟರ ಸ್ವಂತ ಲ್ಯಾಪ್‌ಟಾಪಿಗೂ ವಿಭೂತಿ. ಮುಂದಿನ ಸಾಲಿನಲ್ಲಿ ಶೆಟ್ಟರ ಹೆಂಡತಿ, ಆಕೆಯ ಪಕ್ಕದಲ್ಲಿ ಆಕೆಯ ಅಣ್ಣ, ಅಂದರೆ ಶೆಟ್ಟರ ಭಾವ. ಶೆಟ್ಟರದು ಒಂದು ಹೋಟೆಲಾದರೆ ಭಾವನದು ಮೂರು, ಆದ್ದರಿಂದ ಇಬ್ಬರೂ ಭೇಟಿಯಾದಾಗಲೆಲ್ಲ ಬಹಳ ನಗುತ್ತಾರೆ. ಕೊನೆಯ ಸಾಲಿನಲ್ಲಿ ಅಪ್ಪ, ಇಸ್ತ್ರಿ ಮಾಡಿದ ಧೋತರ, ಬಿಳಿ ಟೊಪ್ಪಿಗೆ, ಕಿಸೆಯಲ್ಲಿ ಗೀತಾ ಕೊಡಿಸಿದ ಫೋನು. ಮುಹೂರ್ತ ಬಂತು. ನಾನು ನನ್ನ ಕಂಪ್ಯೂಟರಿನಲ್ಲಿ ವಿಳಾಸ ಬದಲಿಸಿ ತಲೆಯಾಡಿಸಿದೆ. ಭಟ್ಟರು ಗಂಟೆ ಬಾರಿಸಿದರು, ಶೆಟ್ಟರು ಕಣ್ಣು ಮುಚ್ಚಿ ಗುಂಡಿ ಒತ್ತಿದರು, ಪರದೆ ಸರಿಯಿತು.

ಟೀವಿಯ ತುಂಬ ಸಲಿಕೆ ಹಿಡಿದ ಕೂಲಿಯವನು, ಕೊರಳಲ್ಲಿ ಸೇವಂತಿಗೆ ಹಾರ. ಭಟ್ಟರು ಆಗಲೇ ಆರತಿ ಎತ್ತಿಬಿಟ್ಟಿದ್ದರು, ನಡುವೆ ನಿಲ್ಲಿಸುವ ಪದ್ಧತಿಯಿಲ್ಲ. ಜನ ಎದ್ದು ನಿಂತು ಕೈಮುಗಿದರು. ಹಿಂದಿನಿಂದ ಯಾರೋ ಅಕ್ಷತೆಯನ್ನೂ ಎಸೆದರು. ಆರತಿ ಮುಗಿಸಿ ಭಟ್ಟರು ನನ್ನ ಕಿವಿಯ ಹತ್ತಿರ ಬಂದು, “ಇದು ಬಲರಾಮನೋ ಹೇಗೆ? ನೇಗಿಲು ಸಣ್ಣದಾಯ್ತಲ್ಲ,” ಎಂದು ಕೇಳಿದರು.

ನಾನು ಉತ್ತರ ಹುಡುಕುವಷ್ಟರಲ್ಲಿ ಭಾವ ತಮ್ಮ ಫೋನು ತೆಗೆದು ನೋಡಿ, ನನ್ನದರಲ್ಲಿ ಚಂದ ಬಂದಿದೆಯಲ್ಲ, ಮಸಾಲೆ ದೋಸೆಯ ಫೋಟೋ ಸಹಿತ, ಎಂದರು. ಎಲ್ಲರ ಫೋನುಗಳೂ ಹೊರಬಂದವು. ಅರ್ಧ ಹಾಲಿಗೆ ದೋಸೆ ಕಾಣುತ್ತಿತ್ತು, ಇನ್ನರ್ಧಕ್ಕೆ ಸಲಿಕೆ. ಒಂದೇ ಸೋಫಾದ ಮೇಲೆ ಗಂಡನಿಗೆ ದೋಸೆ, ಹೆಂಡತಿಗೆ ಸಲಿಕೆ. ಭಟ್ಟರು ಸಮಯ ವ್ಯರ್ಥ ಮಾಡದೆ, ಇದೆಲ್ಲ ಅವರವರ ಪುಣ್ಯ ಎಂದು ತೀರ್ಪು ಕೊಟ್ಟರು. ಭಾವ ಫೋನನ್ನು ಸ್ವಲ್ಪ ಎತ್ತರಕ್ಕೆ ಹಿಡಿದರು. ದೋಸೆಯವರ ಮುಖಗಳಲ್ಲಿ ಒಂದು ಬಗೆಯ ಕಾಂತಿ ಬಂತು. ಸಲಿಕೆಯವರು ಹೋದ ಜನ್ಮವನ್ನು ನೆನಪಿಸಿಕೊಳ್ಳುತ್ತಿರುವಂತೆ ಕಂಡರು. ಶೆಟ್ಟರು ಮಾತ್ರ ಹಾರ ಹಾಕಿದ ಟೀವಿಯನ್ನೂ ನನ್ನನ್ನೂ ಬದಲಿ ಬದಲಿ ನೋಡುತ್ತಿದ್ದರು.

ಇಲ್ಲಿ ನಾನು ಸುಮ್ಮನಿದ್ದು ಪುಣ್ಯದ ಮೇಲೆ ಹಾಕಿಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಎರಡು ಸಲ ಫೇಲಾಗಿ ಪಡೆದ ವಿಜ್ಞಾನದ ಪದವಿ, ಸುಮ್ಮನಿರಲು ಬಿಡಲಿಲ್ಲ. ಪುಣ್ಯವೂ ಇಲ್ಲ, ಪಾಪವೂ ಇಲ್ಲ, ಯಂತ್ರದ ನೆನಪು ಅಷ್ಟೇ ಎಂದು ಮೈಕು ಹಿಡಿದು ಶುರುಮಾಡಿದೆ. ಯಾರು ಈ ವೆಬ್‌ಸೈಟನ್ನು ಮೊದಲ ಸಲ ಈಗಲೇ ತೆರೆದಿದ್ದೀರೋ ಅವರಿಗೆ ಹೊಸದು ಕಾಣುತ್ತದೆ. ಮುಹೂರ್ತಕ್ಕೆ ಮೊದಲೇ ಯಾರು ಇಣುಕಿ ನೋಡಿದ್ದೀರೋ ಅವರ ಫೋನಿಗೆ ಹಳೆಯ ವಿಳಾಸ ನೆನಪಿದೆ, ಅದಕ್ಕೇ ಸಲಿಕೆ ಎಂದು ವಿವರಿಸಿದೆ. ವಿವರಣೆ ನಿಜಕ್ಕೂ ಚೆನ್ನಾಗಿತ್ತು. ಕಾಲೇಜಿನಲ್ಲಿ ಹೀಗೆ ಹೇಳಿದ್ದರೆ ಮೊದಲ ಸಲವೇ ಪಾಸಾಗುತ್ತಿದ್ದೆ.

ಹಾಲಿನಲ್ಲಿದ್ದ ಸಲಿಕೆಗಳೆಲ್ಲ ಒಮ್ಮೆಗೇ ಜೇಬುಗಳಿಗೆ ಇಳಿದವು. ಸಲಿಕೆಯ ಹೆಂಡತಿ ಗಂಡನ ದೋಸೆಯನ್ನು ಬಗ್ಗಿ ನೋಡಿ, ನನಗೂ ಹೀಗೇ ಬಂದಿದೆ ಎಂದಳು. ಕೆಲವರು ಟೀವಿಯ ಕಡೆಗೇ ನೋಡುತ್ತ ಎಷ್ಟು ಚಂದದ ದೋಸೆ ಎನ್ನತೊಡಗಿದರು. ಆಗ ಶೆಟ್ಟರ ಹೆಂಡತಿ, ನಿಧಾನಕ್ಕೆ, ಟೀವಿಗೆ ಹಚ್ಚಿದ ಲ್ಯಾಪ್‌ಟಾಪಿನ ಕಡೆ ತಿರುಗಿದರು. ಆಮೇಲೆ ಗಂಡನ ಕಡೆ.

“ಹಾಗಾದ್ರೆ ಇದರಲ್ಲಿ ಮೊದಲೇ ಇಣುಕಿದ್ದು ಯಾರು?”

ಭಾವ ನಗಲಿಲ್ಲ. ನಗದೆ ಇರುವುದರಲ್ಲಿ ಎಷ್ಟು ಸುಖವಿದೆ ಎಂದು ಅವರ ಮುಖ ನೋಡಿದಾಗ ತಿಳಿಯಿತು. ಶೆಟ್ಟರು ಹಾರದೊಳಗಿನ ಕೂಲಿಯವನಂತೆಯೇ ಕೆಂಪಾದರು. ಅವರ ಬಳಗದ ಹೋಟೆಲುಗಳು ಒಂದೊಂದಾಗಿ ದೀಪ ಆರಿಸಿ ಶಟರು ಎಳೆದುಕೊಳ್ಳುತ್ತಿರುವುದು ನನಗೆ ಕಾಣಿಸಿತು. ಗೀತಾ ನನ್ನ ಕೈಯಿಂದ ಮೈಕು ಕಸಿದುಕೊಂಡಳು.

ಆಗ ಕೊನೆಯ ಸಾಲಿನಿಂದ ಅಪ್ಪ ಎದ್ದು ನಿಂತರು. ಫೋನನ್ನು ಲಾಟೀನಿನಂತೆ ಮೇಲೆ ಎತ್ತಿ ಹಿಡಿದಿದ್ದರು. ಅದರಲ್ಲಿ ಸಲಿಕೆ.

“ನಾ ನೋಡೀನ್ರಿ,” ಎಂದರು. “ದಿನಾ ನೋಡ್ತೀನಿ. ಮುಂಜಾನೆ ಚಾ ಕುಡಿದು ಒಮ್ಮೆ, ರಾತ್ರಿ ಮಕ್ಕೊಳ್ಳೂ ಮುಂದ ಒಮ್ಮೆ. ಸೊಸಿ ಹಚ್ಚಿ ಕೊಟ್ಟಾಳ, ಒಂದು ಸಲ ಒತ್ತಿದ್ರ ಬರ್ತದ.”

ನಾನು ಗೀತಾಳ ಕಡೆ ನೋಡಿದೆ. ಅವಳು ಮೈಕಿನ ತಂತಿ ಬಿಡಿಸುವುದರಲ್ಲಿ ಮಗ್ನಳಾಗಿದ್ದಳು.

“ನಮ್ಮ ಹುಡುಗ ನನ್ನ ಫೋಟೋ ಹಾಕ್ಯಾನ್ರಿ,” ಎಂದು ಅಪ್ಪ ಪಕ್ಕದವರಿಗೆ ಫೋನು ದಾಟಿಸಿದರು. “ಭೋಸರಿಯೊಳಗ ನಾ ಹಿಂಗ ನಿಂತು ಉಸುಕು ತೋಡ್ತಿದ್ದೆ. ಟೊಪಗಿನೂ ಹಿಂಥಾದ ಹಳದಿ. ಮಾರಿ ಬಣ್ಣ ಅಷ್ಟ ಚೂರು ತಿದ್ದ್ಯಾನ.”

ಜನ ಆ ಬೆಕ್ಕಿನ ಕಣ್ಣಿನ ಕೂಲಿಯವನನ್ನು ನೋಡಿದರು, ನಮ್ಮ ಅಪ್ಪನನ್ನು ನೋಡಿದರು. ಮೊದಲು ನಕ್ಕವರು ಶೆಟ್ಟರೇ. ಹೊಟ್ಟೆ ಕುಣಿಯುವಂತೆ ನಕ್ಕು, “ನಾನೂ ಇವತ್ತು ಬೆಳಿಗ್ಗೆ ಸ್ವಲ್ಪ ನೋಡಿದ್ದು ಹೌದು ಮಾರಾಯ್ರೆ, ತಡೀಲಿಕ್ಕೆ ಆಗ್ಲಿಲ್ಲ,” ಎಂದರು. ಯಜಮಾನರೇ ಒಪ್ಪಿಕೊಂಡ ಮೇಲೆ ಉಳಿದ ಸಲಿಕೆಗಳೂ ಜೇಬಿನಿಂದ ಧೈರ್ಯವಾಗಿ ಮೇಲೆ ಬಂದವು. ಆಮೇಲೆ ದೋಸೆಯವರ ಸ್ಥಿತಿಯೇ ಕಷ್ಟವಾಯಿತು. ನಮ್ಮ ಸಂಭ್ರಮದ ಬಗ್ಗೆ ನಿಮಗೆ ಒಂದಿಷ್ಟೂ ಕುತೂಹಲ ಇರಲಿಲ್ಲವೇ ಎಂದು ಶೆಟ್ಟರ ಹೆಂಡತಿ ಸ್ವಂತ ಅಣ್ಣನನ್ನು ಕೇಳುತ್ತಿದ್ದರು. ಎಲ್ಲರೂ ಊಟಕ್ಕೆ ಕುಳಿತಿದ್ದಾಗ ಟೀವಿಯಲ್ಲಿ ಹೊಸ ವೆಬ್‌ಸೈಟು ತಾನಾಗಿ ಬಂತು. ನೋಡಲು ಹಾಲಿನಲ್ಲಿ ಯಾರೂ ಇರಲಿಲ್ಲ. ನಾನು ತಿಂಗಳುಗಟ್ಟಲೆ ದುಡಿದ ಪುಟಕ್ಕೆ ಒಬ್ಬನೇ ನಿಂತು, ಪಾಯಸದ ಬಟ್ಟಲು ಹಿಡಿದು, ದರ್ಶನ ಕೊಟ್ಟೆ.

ಶೆಟ್ಟರು ಮಾತಿಗೆ ತಪ್ಪಲಿಲ್ಲ, ಬಳಗದ ಹೋಟೆಲಿನವರು ಬರುತ್ತಿದ್ದಾರೆ. ಇಬ್ಬರಂತೂ ತಮ್ಮ ಉದ್ಘಾಟನೆಗೂ ಆ ಸಲಿಕೆಯ ಪೂಜೆ ಇರಲೇಬೇಕು, ಶೆಟ್ಟರಿಗೆ ಒಳ್ಳೆಯದಾಗಿದೆ, ಎಂದು ಷರತ್ತು ಹಾಕಿದ್ದಾರೆ. ಆದರೆ ಮರುದಿನ ಬೆಳಗ್ಗೆ ನಮ್ಮ ಮನೆಯಲ್ಲಿ ಗದ್ದಲ. ಅಪ್ಪನ ಫೋನೂ ಕೊನೆಗೆ ಹಳೆಯ ವಿಳಾಸ ಮರೆತು ದೋಸೆ ತೋರಿಸಿತ್ತು. ನನ್ನ ಫೋಟೋ ತೆಗೆದು ಶೆಟ್ಟರ ತಿಂಡಿ ಯಾಕೆ ಹಾಕಿದೆ ಎಂದು ಅವರು ಚಹಾ ಕುಡಿಯದೆ ಕುಳಿತಿದ್ದರು. ಆ ಚಿತ್ರ ಪುಕ್ಕಟೆಯದು, ಯಾವ ದೇಶದವನೋ ನನಗೂ ಗೊತ್ತಿಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಹಾಲಿನಲ್ಲಿ ಮೈಕು ಹಿಡಿದು ಮಾಡಿದ ವಿವರಣೆ ನೆನಪಾಗಿ ಮುಚ್ಚಿಕೊಂಡೆ. ಗೀತಾ ಅಪ್ಪನ ಹೆಸರಿನಲ್ಲೇ ಒಂದು ವಿಳಾಸ ತೆಗೆದು, ಮುಂಬೈಯ ಆ ತಣ್ಣನೆಯ ಯಂತ್ರದಲ್ಲಿ ಒಂದು ಮೂಲೆ ಮಾಡಿ, ಕೂಲಿಯವನನ್ನು “ಕೆಲಸ ನಡೆದಿದೆ” ಬೋರ್ಡಿನ ಸಮೇತ ಅಲ್ಲಿ ಕಾಯಮ್ಮಾಗಿ ನಿಲ್ಲಿಸಿದಳು. ಮೀಸೆಯನ್ನು ಸ್ವಲ್ಪ ಕಪ್ಪು ಮಾಡಿದ್ದಾಳೆ.

ಈಗ ಮಗ ಏನು ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ಅಪ್ಪ ಬೀಡಿ ಹಚ್ಚುವುದಿಲ್ಲ. ಫೋನು ತೆಗೆದು ತೋರಿಸುತ್ತಾರೆ. ಮೊನ್ನೆ ನಾನು ಸ್ಕೂಟರು ಒದೆಯುತ್ತಿದ್ದಾಗ, ಪಕ್ಕದ ಮನೆಯವರು, ಅದೇ ಕ್ಯಾಬಿನ ಹುಡುಗನ ತಂದೆ, ಫೋನನ್ನು ಕಣ್ಣಿನ ಹತ್ತಿರ ಹಿಡಿದು ಓದಿ, ಇಷ್ಟು ದಿನವಾದರೂ ಕೆಲಸ ಇನ್ನೂ ನಡೆದೇ ಇದೆಯಲ್ಲ, ಮುಗಿಯುವುದು ಯಾವಾಗ ಎಂದು ಕೇಳುತ್ತಿದ್ದರು. ಅಪ್ಪ ಫೋನನ್ನು ಧೋತರದ ಚುಂಗಿನಿಂದ ಒರೆಸಿ ಕಿಸೆಗೆ ಇಟ್ಟುಕೊಂಡರು.

“ಡಿಗ್ರಿ ಮಾಡ್ಯಾನ್ರಿ,” ಎಂದರು, “ಅದಕ್ಕ ತಡಾ ಹಿಡೀತದ.”