ಜಪಾನ್ ಹುಡುಗ ಸಾಲಿ ಮುಟ್ಟಿದ ಕತಿ

ನಮ್ಮ ಸಾಲ್ಯಾಗ ಪಾಠ ಒಂದಿನ ತಪ್ಪಬಹುದು, ಫಜೀತಿ ಮಾತ್ರ ತಪ್ಪಂಗಿಲ್ಲ. ನಾನು ಬಳ್ಳಾರಿಯಾಕಿ. ಕುರುಗೋಡು ತಾಲೂಕಿನ ಒಂದು ಹಳ್ಳಿ ಹೈಸ್ಕೂಲಿಗೆ ದಿನಾ ಬಸ್ಸಿನಾಗ ಹೋಗಿ ಸಮಾಜ ವಿಜ್ಞಾನ ಹೇಳ್ತೀನಿ. ಬಸ್ ಕಾಯಂ ಲೇಟು, ಹಂಗಾಗಿ ನಾನೂ ಕಾಯಂ ಲೇಟು. ನಮ್ಮ ಹೆಡ್ ಮಾಸ್ತರು ಸಿರುಗುಪ್ಪದವರು, ಬೈಕಿನ ಮ್ಯಾಲೆ ಬರ್ತಾರ, ಪ್ರಾರ್ಥನಾಕ್ಕ ಒಂದಿನಾನೂ ತಡಾ ಮಾಡಿದವರಲ್ಲ. ನಾನು ಗೇಟಿನಾಗ ಕಾಣಿಸಿದ್ರ ಬಾಯಿಂದ ಒಂದು ಮಾತೂ ಆಡಂಗಿಲ್ಲ, ಬರೇ ಕೈಗಡಿಯಾರ ನೋಡ್ತಾರ. ಬೈದಿದ್ರ ಎಷ್ಟೋ ಚೊಲೊ ಇತ್ತು.

ಗುಂತಕಲ್ ದಾಟಿ

ಪ್ರತಿ ಶನಿವಾರ ನಮ್ಮ ಕ್ಲಾಸಿನ ಟೀವಿಯೊಳಗ ಏನರೆ ಒಂದು ತೋರಸ್ತೀವಿ. ಒಂಬತ್ತನೇ ಕ್ಲಾಸಿನವರು ಗಂಟು ಬಿದ್ದು ಜಪಾನಿನ ಒಂದು ಸಾಲಿ ಕಾರ್ಟೂನ್ ಹಾಕ್ಸಿದ್ರು. "ಕಾರ್ಟೂನ್ ಅನಬ್ಯಾಡ್ರಿ ಮೇಡಂ, ಅನಿಮೆ ಅನ್ರಿ" ಅಂತ ನನಗ ಪಾಠ ಬ್ಯಾರೆ.

ಅದರಾಗ ಒಬ್ಬ ಹುಡುಗ. ಒಂದಿನಾನೂ ಟೈಮಿಗೆ ಸಾಲಿ ಮುಟ್ಟಂಗಿಲ್ಲ. ಬಾಯಾಗ ಬ್ರೆಡ್ ಕಚ್ಚಿಕೊಂಡು ಓಡ್ತಾನ, ಜಾರಿ ಬೀಳ್ತಾನ, ಅಷ್ಟರಾಗ ಗಂಟಿ ಹೊಡದಿರ್ತೈತಿ. ಅಯ್ಯ, ನನ್ನ ಬಾಳೇವು ಇವರಿಗೆ ಯಾರು ಹೇಳಿದ್ರಪ್ಪ ಅನಿಸ್ತು. ಎರಡನೇ ಕಂತಿಗೇ ನಾನು ಹುಡುಗರಿಗಿಂತ ಮುಂಚೆ ಕುರ್ಚಿ ಹಿಡಿಯಾಕತ್ತಿದೆ.

ಅನಿಮೆಗೆ ತೆಲುಗು ಮಾತು ಕೂಡಿಸಿದ್ರು, ಆಂಧ್ರದ ಗಡಿಗೆ ಹತ್ತಿದ ನಮ್ಮ ಕಡೆ ಅದೇನು ತೊಂದ್ರಿ ಅಲ್ಲ. ಒಂದಿನ ನಕಾಶಿ ತೂಗುಹಾಕಿ, "ಜಪಾನ್ ಎಲ್ಲೈತಿ?" ಅಂದೆ.

ಹಿಂದಿನ ಬೆಂಚಿನವ ಎದ್ದು ನಿಂತ. "ಗುಂತಕಲ್ ದಾಟಿ, ಮೇಡಂ."

"ಯಾರ್ ಹೇಳಿದ್ರಲೇ?"

"ಅವರು ತೆಲುಗು ಮಾತಾಡ್ತಾರಲ್ರಿ!"

ಕರದು ತೋರಿಸಿದೆ. ಇಲ್ಲಿ ಬಳ್ಳಾರಿ, ಇದು ಸಮುದ್ರ, ಅಗೋ ಅಲ್ಲಿ ಜಪಾನು. ಬಗ್ಗಿ ನೋಡಿ ಲೊಚಗುಟ್ಟಿದ. "ಇಷ್ಟು ದೂರದಿಂದ ಬರಬೇಕಂದ್ರ ಪಾಪ ದಿನಾ ತಡಾ ಆಗದ ಏನ್ ಮಾಡ್ತೈತ್ರಿ?"

ಬಗ್ಗಿ ನಮಸ್ಕಾರ

ಅನಿಮೆದಾಗ ಹುಡುಗರು ಮಾಸ್ತರಿಗೆ ಸೊಂಟದ ಮಟ ಬಗ್ಗಿ ನಮಸ್ಕಾರ ಮಾಡ್ತಾರ. ನಮ್ಮವರೂ ಕಲ್ತರು. ಒಂದಿನ ಹೆಡ್ ಮಾಸ್ತರು ಕ್ಲಾಸಿಗೆ ಕಾಲಿಟ್ಟ ಕೂಡ್ಲೆ ಇಡೀ ಕ್ಲಾಸು ಎದ್ದು ದಬಕ್ಕನ ಬಗ್ಗಿತು.

ಹೆಡ್ ಮಾಸ್ತರು ಗಾಬರಿ. ಇವರೆಲ್ಲಾ ನನ್ನ ಕಾಲಿನಾಗ ಏನು ನೋಡಾಕತ್ತಾರ ಅಂತ ತಾವೂ ಬಗ್ಗಿದ್ರು. ಒಂದು ಕಾಲಾಗ ಕರೇ ಚಪ್ಪಲಿ, ಇನ್ನೊಂದರಾಗ ಕಂದು ಚಪ್ಪಲಿ!

ಹುಡುಗರು ಪಾಪ ಚಪ್ಪಲಿ ನೋಡೇ ಇರಲಿಲ್ಲ. ಆದ್ರ ಸಾಹೇಬರು ಬಗ್ಗಿದ ಮ್ಯಾಲೆ ಎಲ್ಲಾರೂ ನೋಡಿದ್ರು. ನಕ್ಕರು ನೋಡ್ರಿ, ಹೊಟ್ಟಿ ಹಿಡಕೊಂಡು ನಕ್ಕರು. ಸಾಹೇಬರ ಮುಖ ಕೆಂಪಗಾತು. "ಇದೆಲ್ಲಾ ಆ ಕಾರ್ಟೂನಿನ ಪ್ರಭಾವ. ಇವತ್ತಿಗೆ ಬಂದ್!"

ಕಡೇ ಕಂತು ಒಂದು ಉಳದಿತ್ತು. ಆ ಹುಡುಗ ಒಂದಿನರೆ ಟೈಮಿಗೆ ಮುಟ್ಟತಾನೋ ಇಲ್ಲೋ ಅಂತ ಗೊತ್ತಾಗೋದೇ ಅದರಾಗ. ಹುಡುಗರ ಹೆಸರು ಹೇಳಿ ಬೇಡಿಕೊಂಡೆ. "ಸರ್, ಪಾಪ ಮಕ್ಕಳು..."

"ಮಕ್ಕಳೋ, ನೀವೋ?" ಅಂದ್ರು. ನಾನು ಚಾಕ್ ಹುಡುಕಾಕ ಹತ್ತಿದೆ.

ಚೊಲೊದ್ಯಾವುದು, ಕೆಟ್ಟದ್ಯಾವುದು

ಕಡೀಕ ಒಂದು ಷರತ್ತು ಹಾಕಿದ್ರು. ಅನಿಮೆದಾಗ ಚೊಲೊದೇನೈತಿ, ಕೆಟ್ಟದ್ದೇನೈತಿ ಹುಡುಗರೇ ಎದ್ದು ಹೇಳಬೇಕು. ಚೊಲೊದು ಹೆಚ್ಚಾದ್ರ ಕಡೇ ಕಂತು ತೋರಸೋದು.

ಲೀಡರ್ ಹುಡುಗಿ ಶುರು ಮಾಡಿದ್ಲು. "ಅದರಾಗ ಯಾರ್ನೂ ಹೀಯಾಳಿಸಿ ನಗಸಂಗಿಲ್ರಿ ಸರ್. ದಡ್ಡಗೂ ದೋಸ್ತರು ಇರ್ತಾರ." ಸಾಹೇಬರು ತಲಿ ಆಡಿಸಿದ್ರು. ನನಗ ಜೀವ ಬಂತು.

ಆದ್ರ ನಮ್ಮ ಹುಡುಗರು ಭಾಳ ಪ್ರಾಮಾಣಿಕರು, ಅದೇ ತ್ರಾಸು. ಒಬ್ಬ ಎದ್ದ. "ಜಾರಿ ಬೀಳೋ ಜೋಕು ಪ್ರತಿ ಕಂತಿಗೂ ಅದಽ ಸರ್, ಬ್ಯಾಸರಾಗ್ತೈತಿ." ಇನ್ನೊಬ್ಬ, "ಆಟದಾಗ ಚೆಂಡು ಗಾಳ್ಯಾಗ ಇದ್ದಾಗನ ಮನಸಿನಾಗ ಭಾಷಣ ಮಾಡ್ತಾರ್ರಿ. ಅಷ್ಟೊತ್ತಿಗೆ ನಮ್ಮೂರಾಗ ಮ್ಯಾಚ್ ಮುಗಿದಿರ್ತೈತಿ." ಮತ್ತೊಬ್ಬಾಕಿ, "ಕಣ್ಣು ಅಷ್ಟಷ್ಟು ದೊಡ್ಡವು ಸರ್. ನಮ್ಮ ಬಳ್ಳಾರಿ ಧೂಳಿನಾಗ ಒಂದಿನ ಬಾಳಂಗಿಲ್ಲ."

ಸಾಕು ಸುಮ್ನಿರ್ರಲೇ ಅಂತ ನಾನು ಹಿಂದಿನಿಂದ ಕಣ್ಸನ್ನಿ ಮಾಡಾಕತ್ತಿದ್ದೆ. ಆಗ ಹಿಂದಿನ ಬೆಂಚಿನವ ಎದ್ದ. "ಸರ್, ಅದರಾಗ ಯಾರ ಅಪ್ಪ-ಅವ್ವನೂ ಕಾಣಂಗೇ ಇಲ್ರಿ."

"ಅದು ಚೊಲೊದೋ ಕೆಟ್ಟದೋ?"

"ಚೊಲೊದು ಸರ್!" ಇಡೀ ಕ್ಲಾಸು ಒಂದೇ ದನಿಲೆ ಕೂಗಿತು.

ಸಾಹೇಬರು ನಿಟ್ಟುಸಿರು ಬಿಟ್ರು. "ನಮ್ಮ ಪಾಲಕರ ಸಭಾದಾಗೂ ಯಾರೂ ಕಾಣಂಗಿಲ್ಲ ಬಿಡು. ಸಾಲಿ ಅಂದ್ರ ಎಲ್ಲಾ ಕಡೆ ಒಂದಽ ಐತಿ." ಅನುಮತಿ ಸಿಕ್ತು!

ಬಾಯಾಗ ಮಿರ್ಚಿ

ಶನಿವಾರ ಪ್ರಾರ್ಥನಾ ಮುಗಿದ ಕೂಡ್ಲೆ ಶುರು ಅಂದ್ರು. "ತಡಾ ಮಾಡಿದವರಿಗೆ ಬಾಗಿಲಾ ತಗಿಯಂಗಿಲ್ಲ." ಇದನ್ನ ಅಂದಿದ್ದು ಹುಡುಗರಿಗೆ, ನೋಡಿದ್ದು ನನ್ನ ಕಡೆ.

ಅವತ್ತಽ ಬಸ್ಸಿನ ಟಯರ್ ಪಂಕ್ಚರ್ ಆಗಬೇಕೇನು! ಹಳ್ಳಿ ಮುಟ್ಟಿ ಇಳದವಳೇ ಓಟ ಕಿತ್ತೆ. ಮುಂಜಾನಿಂದ ಹೊಟ್ಟಿಗಿಲ್ಲ. ಒಂದು ಕೈಯಾಗ ಬ್ಯಾಗು, ಒಂದು ಕೈಯಾಗ ಸೀರಿ ನಿರಿಗಿ, ಹಂಗಾಗಿ ಮಂಡಕ್ಕಿ ಒಗ್ಗರಣಿ ಜೋಡಿ ಕಟ್ಟಿಸಿಕೊಂಡಿದ್ದ ಮಿರ್ಚಿ ಬಜಿ ಬಾಯಾಗ. ಕಿಟಕ್ಯಾಗಿಂದ ಇಡೀ ಕ್ಲಾಸು ಸೀಟಿ ಹೊಡೀತು. "ಓಡ್ರಿ ಮೇಡಂ! ಜಾರಬ್ಯಾಡ್ರಿ ಮೇಡಂ!"

ಗೇಟಿನಾಗ ಹೆಡ್ ಮಾಸ್ತರು. ಮುಗೀತು ನನ್ನ ಕತಿ ಅನ್ಕೊಂಡೆ. ಆದ್ರ ಅವರು ಗಡಿಯಾರ ನೋಡಲೇ ಇಲ್ಲ. ಕೈ ಬೀಸಿ ಒದರಿದ್ರು. "ಲಗೂನ ಬರ್ರಿ ಮೇಡಂ! ಆ ಜಪಾನಿನಂವ ಇನ್ನಾ ಹಾಸಿಗಿ ಬಿಟ್ಟಿಲ್ಲ!"

ಆಣಿ

ಎಲ್ಲಾರೂ ಉಸುರು ಬಿಗಿಹಿಡದು ಕುಂತ್ವಿ. ಹುಡುಗ ಎದ್ದ, ಓಡಿದ, ಜಾರಲಿಲ್ಲ! ಸಾಲಿ ಇರೋ ಓಣಿಗೆ ತಿರುಗಿದ. ಆಗ ಹೋತು ನೋಡ್ರಿ, ಕರೆಂಟು. ಎಷ್ಟು ಕಾದ್ರೂ ಬರಲಿಲ್ಲ.

"ಸೋಮವಾರ ಎಲ್ಲಾರೂ ಕೂಡೇ ನೋಡೋಣು. ಮನ್ಯಾಗ ಫೋನಿನಾಗ ಯಾರೂ ಕದ್ದು ನೋಡಬಾರದು" ಅಂತ ಹೆಡ್ ಮಾಸ್ತರು ಒಬ್ಬೊಬ್ಬರಿಂದ ತಲಿ ಮುಟ್ಟಿಸಿ ಆಣಿ ಮಾಡಿಸಿದ್ರು. ನನ್ನಿಂದ ಎರಡು ಸಲ ಮಾಡಿಸಿದ್ರು. ಆಯ್ತವಾರ ಇಡೀ ದಿನ ಫೋನು ಅತ್ತಿ ಕೈಯಾಗ ಕೊಟ್ಟು ಹೆಂಗೋ ಕಳದೆ.

ಸೋಮವಾರ ನಾನು ಟೈಮಿಗೆ ಮುಂಚೇ ಹಾಜರ್. ಪ್ರಾರ್ಥನಾ ಮುಗೀತು, ಹೆಡ್ ಮಾಸ್ತರೇ ಇಲ್ಲ! ಭಾಳ ಹೊತ್ತಿನ ಮ್ಯಾಲೆ ಬೈಕು ಗೇಟಿನಾಗ ಬಂತು. ಇಂಥಾ ಅವಕಾಶ ಮತ್ತ ಸಿಗ್ತೈತೇನು? ನಾನು ಸಾವಕಾಶ ಕೈ ಎತ್ತಿ ಗಡಿಯಾರ ನೋಡಿದೆ. ಹುಡುಗರು ದಬಕ್ಕನ ಬಗ್ಗಿದ್ರು. ಸಾಹೇಬರು ಮೊದಲು ತಮ್ಮ ಚಪ್ಪಲಿ ನೋಡ್ಕೊಂಡ್ರು. ಎರಡೂ ಕರೇವೇ ಇದ್ವು.

"ಯಾಕ್ ಸರ್, ತಡಾ?" ಅಂದೆ.

ಮುಖ ಸಣ್ಣದು ಮಾಡಿದ್ರು. "ಮೊಮ್ಮಗಳು ಮುಂಜಾನೆ ಫೋನ್ ಹಿಡಕೊಂಡು ಕುಂತಿದ್ಲ್ರಿ... ಸುಮ್ನ ಬಗ್ಗಿ ನೋಡಿದೆ..."

"ಸರ್! ಆಣಿ?" ಲೀಡರ್ ಹುಡುಗಿ ಚೀರಿದ್ಲು.

"ಮುಟ್ಟಿದನ್ರಿ ಸರ್? ಟೈಮಿಗೆ ಮುಟ್ಟಿದನಾ?" ಹಿಂದಿನ ಬೆಂಚಿನವಗ ಆಣಿ-ಗೀಣಿ ಏನೂ ಬೇಕಿರಲಿಲ್ಲ.

"ಮುಟ್ಟಿದ" ಅಂದ್ರು ಹೆಡ್ ಮಾಸ್ತರು. ಸಾಲಿ ಅಂಗಳ ಹಾರಿಹೋಗೋ ಹಂಗ ಸೀಟಿ, ಚಪ್ಪಾಳಿ. ನನ್ನ ಕಣ್ಣಾಗ ನೀರೇ ಬಂತು, ಸುಳ್ಳ್ಯಾಕ ಹೇಳ್ಲಿ. ಇಷ್ಟು ದಿನಕ್ಕ ನಮ್ಮಂಥವರಲ್ಲಿ ಒಬ್ಬನರೆ ಟೈಮಿಗೆ ಮುಟ್ಟಿದನಲ್ಲ!

ಹೆಡ್ ಮಾಸ್ತರು ಕೈ ಎತ್ತಿದ್ರು. "ತಡೀರ್ರಲೇ, ಪೂರಾ ಕೇಳ್ರಿ. ಗೇಟಿಗೆ ಕೀಲಿ ಹಾಕಿತ್ತು. ಅವತ್ತು ಆಯ್ತವಾರ!"