ತರಬೇತಿಗೆ ಮೀಸಲಾದ ಕುರಿಗಳು

ತಪ್ಪು ಎಂಬುದು ಅಪರಾಧವಲ್ಲ, ಅದು ಕಲಿಕೆಯ ಅಂಗ. ಆದ್ದರಿಂದ ಯಾರೂ ಯಾರನ್ನೂ ದೂಷಿಸತಕ್ಕದ್ದಲ್ಲ ಎಂದು ಕುರಿ ಆರೋಗ್ಯ ಮಂಡಳಿಯ ಸೋಲಾಪುರ ಕಚೇರಿ ೧೯೭೪ರಲ್ಲಿ ಸುತ್ತೋಲೆ ಹೊರಡಿಸಿತು. ಅದನ್ನು ಓದಿ ಅಕ್ಕಲಕೋಟದಲ್ಲಿ ಲಸಿಕೆ ಹಾಕುವ ದಾಮೋದರಪಂತರಿಗೆ ಹೋದ ಜೀವ ಬಂದಂತಾಯಿತು. ಅವರ ಕೈಯಿಂದ ಆಗಲೇ ಒಂದು ತಪ್ಪು ಆಗಿಹೋಗಿತ್ತು.

ಲಸಿಕೆ ಹಾಕಿದ ಕುರಿಯ ಬೆನ್ನಿಗೆ ಹಳದಿ ಬಣ್ಣ ಬಳಿಯಬೇಕೆಂಬುದು ಮಂಡಳಿಯ ನಿಯಮ. ವಾಗದರಿಯ ಕುರುಬ ಅಮೋಗಸಿದ್ಧನೋ ಕುಲದೇವರಾದ ಬೀರೋಬನ ಭಕ್ತ. ಹುಲಜಂತಿಯ ಜಾತ್ರೆಯಿಂದ ಬಂದವನೇ ಹಿಂಡಿನ ಮೇಲೆಲ್ಲ ಭಂಡಾರದ ಅರಿಷಿಣ ತೂರಿದ್ದ. ಪೇಟೆಯಲ್ಲೇ ಹುಟ್ಟಿ ಬೆಳೆದ ಪಂತರು ಆ ಹಳದಿ ಬೆನ್ನುಗಳನ್ನು ಕಂಡು, ಇವಕ್ಕೆ ಲಸಿಕೆ ಆಗಿದೆ ಎಂದು ಮುಂದಿನ ಹಟ್ಟಿಗೆ ನಡೆದಿದ್ದರು. ಮಳೆಗಾಲದ ಬೇನೆ ಬರುವ ಮೊದಲು ಸೂಜಿ ಬೀಳದಿದ್ದರೆ ಹಿಂಡಿಗೆ ಹಿಂಡೇ ಹೋಗುತ್ತದೆ. ಸತ್ಯ ತಿಳಿದ ದಿನದಿಂದ ಪಂತರಿಗೆ ಊಟ ಸೇರುತ್ತಿರಲಿಲ್ಲ.

ಸೋಲಾಪುರಕ್ಕೆ ಹೋಗಿ ತಪ್ಪೊಪ್ಪಿಕೊಂಡರೆ ಸಾಹೇಬರಾದ ರಾಘವೇಂದ್ರರಾಯರು ಬಯ್ಯಲಿಲ್ಲ. ಕುರ್ಚಿ ಕೊಟ್ಟು ಚಹಾ ತರಿಸಿದರು. ಇಂದೇ ಹೋಗಿ ಲಸಿಕೆ ಹಾಕಿ ಬರುತ್ತೇನೆಂದು ಪಂತರು ಹೇಳಿದಾಗ ಮಾತ್ರ ಅವರ ಮುಖ ಗಂಭೀರವಾಯಿತು.

"ಈಗ ಹಾಕಿದರ ತಪ್ಪು ಅಳಿಸಿ ಹೋಗ್ತದ ಪಂತರ. ಉಳಿದವರು ಏನ ನೋಡಿ ಕಲೀಬೇಕು?"

ಹೀಗೆ ಆ ಹಿಂಡು 'ತರಬೇತಿಗೆ ಮೀಸಲು' ಎಂದು ಘೋಷಿತವಾಯಿತು. ಜೀಪುಗಳಲ್ಲಿ ಬಂದ ಸಿಬ್ಬಂದಿ ಕುರಿಗಳ ಮುಂದೆ ನಿಂತು ಕಲಿತು ಹೋದರು. ಹಳದಿ ಮಾಸಿದಾಗ ಮಂಡಳಿಯೇ ಅರಿಷಿಣ ಪೂರೈಸಿತು. ಅಮೋಗಸಿದ್ಧನ ಹೆಂಡತಿ ಹಣಮವ್ವ ಸಿಬ್ಬಂದಿಯೊಡನೆ ಬಂದಿದ್ದ ಸಾಹೇಬರಿಗೆ ಮಜ್ಜಿಗೆ ಕೊಡುತ್ತ ಕೇಳಿದಳು: "ನೀವು ಕಲತದ್ದು ಛಲೋ ಆತರಿ. ಸೂಜಿ ಯಾವಾಗರಿ?"

ಪ್ರಶ್ನೆ ಕೇಳುವುದೂ ಕಲಿಕೆಯೇ ಎಂದು ಸಾಹೇಬರು ಆಕೆಯನ್ನು ಅಭಿನಂದಿಸಿದರು.

ಮೋಡ ಕಟ್ಟತೊಡಗಿತು. ಪಂತರಿಗೆ ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ವಾಗದರಿಗೆ ಹೋಗಿ, ಒಂದು ಮರಿಯನ್ನೂ ಬಿಡದೆ ಸೂಜಿ ಚುಚ್ಚಿ, ಮರುದಿನ ಸೋಲಾಪುರದಲ್ಲಿ ತಲೆ ತಗ್ಗಿಸಿ ನಿಂತರು.

"ಇನ್ನೊಂದು ತಪ್ಪು ಆಗೇದರಿ ಸಾಹೇಬ್ರ. ಮೀಸಲು ಹಿಂಡು ಅಂಬೂದು ಲಕ್ಷ್ಯಕ್ಕ ಬರಲಿಲ್ಲ. ಎಲ್ಲಾ ಕುರಿಗೂ ಲಸಿಕಿ ಹಾಕಿಬಿಟ್ಟೀನಿ."

ರಾಯರು ಎದ್ದು ಬಂದು ಕೈ ಕುಲುಕಿದರು. ಸಂಜೆಯೊಳಗೆ ಪ್ರಕಟಣೆ ಹೊರಬಿತ್ತು: 'ಶ್ರೀ ದಾಮೋದರಪಂತ ಇವರು ಒಂದೇ ಹಂಗಾಮಿನಲ್ಲಿ ಎರಡು ತಪ್ಪು ಮಾಡಿ ಮಂಡಳಿಯ ಗೌರವ ಹೆಚ್ಚಿಸಿರುತ್ತಾರೆ. ಇತರರು ಇದನ್ನು ಮಾದರಿಯಾಗಿ ಇಟ್ಟುಕೊಳ್ಳತಕ್ಕದ್ದು.'

ಅಂದಿನಿಂದ ಮಂಡಳಿಯಲ್ಲಿ ಆಗಬೇಕಾದ ಕೆಲಸಗಳೆಲ್ಲ ತಪ್ಪಿನಿಂದಲೇ ಆಗತೊಡಗಿದವು. ಕುರುಬರಿಗೂ ಅದು ರೂಢಿಯಾಯಿತು. ಮರುವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಅಮೋಗಸಿದ್ಧ ಅಕ್ಕಲಕೋಟದ ಕಚೇರಿಗೆ ಬಂದು ಕೈಮುಗಿದ.

"ಪಂತರ, ಮಳಿ ಹಿಡಿಯೂದ್ರಾಗ ನಮ್ಮ ಹಟ್ಟಿಗೆ ಬಂದು ಒಂದು ತಪ್ಪು ಮಾಡಿ ಹೋಗ್ರಿ."

ಪಂತರು ಲಸಿಕೆಯ ಪೆಟ್ಟಿಗೆ ಹೆಗಲಿಗೇರಿಸಿ ಅವನ ಹಿಂದೆಯೇ ಹೊರಟರು.